ಅಕ್ಕಡಿ ಸಾಲಿನ ಅಡುಗೆಮನೆ: ಚಿತ್ರದುರ್ಗದ ಒಂದು ಖಾನಾವಳಿಯ ಮೂರು ವರ್ಷ

2023ರ ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಅತ್ತಿಗೆಯ ಖಾನಾವಳಿಗೆ ಊಟಕ್ಕೆ ಬಂದ ಹಿರಿಯರೊಬ್ಬರು ತಟ್ಟೆಯಲ್ಲಿದ್ದ ಪಲ್ಯವನ್ನು ಬೆರಳಲ್ಲಿ ಬಿಡಿಸಿ ನೋಡಿ, ‘ತಾಯಿ, ಈ ಪಾಲಕ್ ಯಾವ ಹೊಲದ್ದು?’ ಎಂದು ಕೇಳಿದರು. ಅವರು ಹಿರಿಯೂರು ತಾಲ್ಲೂಕಿನ ರೈತರು, ಕೋರ್ಟ್ ಕೆಲಸಕ್ಕೆ ದುರ್ಗಕ್ಕೆ ಬಂದಿದ್ದರು. ಬಾಗಿಲ ಮೇಲಿನ ಬೋರ್ಡಿನಲ್ಲಿ ‘ನಮ್ಮ ಹೊಲದ ಊಟ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು.

ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಂಡಿಯಿಂದ ತಂದಿದ್ದು ಅಜ್ಜಾರೆ. ಎಲ್ಲಿಂದ ಬಂತೋ ನನಗೂ ಗೊತ್ತಿಲ್ಲ’ ಎಂದರು.

‘ನಾನೂ ಹಂಗೇ ಅನ್ಕಂಡೆ. ಈ ಬಿಸಿಲಾಗೆ ನಮ್ಮ ಕಡೆ ಎಲ್ಲಿ ಬರ್ತೈತೆ.’

ಅಷ್ಟೇ ಹೇಳಿ ಊಟ ಮುಗಿಸಿ, ದುಡ್ಡು ಕೊಟ್ಟು ಹೋದರು. ಆ ರಾತ್ರಿ ಅತ್ತಿಗೆ ಬೋರ್ಡು ಇಳಿಸಿ ಗೋಡೆಗೆ ಮುಖ ಮಾಡಿ ಒರಗಿಸಿಟ್ಟರು.

ನಾನು ಪಿಯು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಖಾನಾವಳಿ ಶುರುವಾದ 2022ರ ಯುಗಾದಿಯಿಂದ ಅದರ ಲೆಕ್ಕ ಬರೆಯುತ್ತಾ ಬಂದಿದ್ದೇನೆ. ಊರಿನ, ಆಯಾ ಕಾಲದ ಬೆಳೆಯಿಂದ ಅಡುಗೆ ಮಾಡಿ ಹೋಟೆಲ್ ನಡೆಸುತ್ತೇವೆ ಎಂದು ಈಗ ಬಹಳ ಜನ ಮುಂದೆ ಬರುತ್ತಿದ್ದಾರೆ. ಅವರಲ್ಲಿ ಬಯಲುಸೀಮೆಯವರಿಗಾದರೂ ಈ ಒಂದು ಖಾನಾವಳಿಯ ಲೆಕ್ಕ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ಮೊದಲ ವರ್ಷ ಏನಾಗಿತ್ತು

ಅತ್ತಿಗೆಯ ತವರು ಜಗಳೂರು ತಾಲ್ಲೂಕು. ಅಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ, ಗುರೆಳ್ಳು ಚಟ್ನಿ. ಮದುವೆಯಾಗಿ ಬಂದ ಮನೆಯಲ್ಲಿ ರಾಗಿಮುದ್ದೆ, ಬಸ್ಸಾರು, ಹುರುಳಿಕಟ್ಟು. ಚಿತ್ರದುರ್ಗ ರೊಟ್ಟಿಯ ಸೀಮೆಯೂ ಮುದ್ದೆಯ ಸೀಮೆಯೂ ಕೂಡುವ ಜಾಗ. ಒಂದೇ ಮನೆಯಲ್ಲಿ ಅತ್ತೆ ಮುದ್ದೆ ತೊಳಸಿದರೆ ಸೊಸೆ ರೊಟ್ಟಿ ಬಡಿಯುವುದುಂಟು. ಎರಡನ್ನೂ ಬಲ್ಲ ಅತ್ತಿಗೆಗೆ ಖಾನಾವಳಿ ಹಾಕಬೇಕೆಂಬ ಆಸೆ ಸಹಜವಾಗಿ ಬಂತು. ದಿನಕ್ಕೆ ಎಪ್ಪತ್ತು, ಎಂಬತ್ತು ಊಟ. ಕೋರ್ಟಿಗೆ, ಆಸ್ಪತ್ರೆಗೆ ಬರುವ ಹಳ್ಳಿಯವರು, ಒಂದಿಷ್ಟು ಕಾಲೇಜು ಹುಡುಗರು, ಶನಿವಾರ ಭಾನುವಾರ ಕೋಟೆ ನೋಡಲು ಬಂದವರು.

2022ರ ಮುಂಗಾರು ಧಾರಾಳವಾಗಿತ್ತು. ಆ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿ, ಅಂದರೆ 89 ವರ್ಷಗಳ ಮೇಲೆ ಕೋಡಿ ಬಿತ್ತು. ಜನ ಬಂಡಿ ಬಂಡಿಯಾಗಿ ಮಾರಿಕಣಿವೆಗೆ ಹೋಗಿ ನೋಡಿ ಬಂದರು. ಆಗಸ್ಟ್‌ನಿಂದ ಸಂಕ್ರಾಂತಿವರೆಗೆ ಅಡುಗೆಮನೆಗೆ ಏನೂ ಕೊರತೆಯಾಗಲಿಲ್ಲ. ಅಣ್ಣೆಸೊಪ್ಪು, ಕನ್ನೆಸೊಪ್ಪು, ಗೋಣಿಸೊಪ್ಪು, ಹಸಿ ಅಲಸಂದೆ, ಹಸಿ ಶೇಂಗಾ, ಹೀರೇಕಾಯಿ, ಡಿಸೆಂಬರ್‌ಗೆ ಸೊಗಡವರೆ, ಹಸಿ ತೊಗರಿಕಾಯಿ. ಅದನ್ನೆಲ್ಲ ನೋಡಿಯೇ ಬೋರ್ಡು ಬರೆಸಿದ್ದು. ಬೋರ್ಡು ಬರೆಸಿದ ಮೇಲೆ ಮೆನು ಅಚ್ಚು ಹಾಕಿಸಿದರು. ನನ್ನ ತಿಳಿವಿನಲ್ಲಿ ತಪ್ಪು ಅಲ್ಲೇ ಆಯಿತು. ಅಚ್ಚಾದ ಮೆನು ಮಳೆಗಾಲ ಮುಗಿಯಿತೆಂದು ಬದಲಾಗುವುದಿಲ್ಲ.

ಫೆಬ್ರವರಿಯಲ್ಲಿ ಹೊಲದ ಸೊಪ್ಪು ನಿಂತಿತು. ಮೆನುವಿನಲ್ಲಿ ‘ಸೊಪ್ಪಿನ ಪಲ್ಯ’ ಇದೆಯಲ್ಲ, ಮಂಡಿಯಿಂದ ಪಾಲಕ್ ಬಂತು. ಕೋಸು ಬಂತು, ಕ್ಯಾರೆಟ್ ಬಂತು. ಬೋರ್ಡು ಇಳಿಸಿದ ರಾತ್ರಿ ನಾವಿಬ್ಬರೂ ಕೂತು ಏಪ್ರಿಲ್ ತಿಂಗಳ ಚೀಟಿಗಳನ್ನೆಲ್ಲ ಹರಡಿ ನೋಡಿದೆವು. ರಾಗಿ, ಜೋಳ, ಹುಣಸೆ, ತೆಂಗು, ಮೊಸರು, ಚಳ್ಳಕೆರೆಯ ಗಾಣದ ಶೇಂಗಾ ಎಣ್ಣೆ, ಇವು ಜಿಲ್ಲೆಯವು. ಅಕ್ಕಿ ದಾವಣಗೆರೆ ಕಡೆಯ ಭದ್ರಾ ನಾಲೆಯದು. ತರಕಾರಿ ಒಂದೂ ನಮ್ಮದಲ್ಲ. ಇನ್ನೂ ನೋವಾದದ್ದು ನವಣೆ ಅಕ್ಕಿಯ ಪ್ಯಾಕೆಟ್ ನೋಡಿ. ಹೊಸದುರ್ಗದ ಹೊಲಗಳಲ್ಲಿ ನವಣೆ, ಸಾಮೆ ಕಣ್ತುಂಬ ಬೆಳೆಯುತ್ತಾರೆ. ಅಲ್ಲಿಂದ ಅರವತ್ತು ಕಿಲೋಮೀಟರ್ ದೂರದ ಚಿತ್ರದುರ್ಗದಲ್ಲಿ ನಾವು ಬಡಿಸುತ್ತಿದ್ದದ್ದು ಬೇರೆ ರಾಜ್ಯದ ಗಿರಣಿಯಿಂದ ಬಂದ ಪ್ಯಾಕೆಟ್.

ಬಯಲುಸೀಮೆಯ ಋತು

ನಮ್ಮ ಜಿಲ್ಲೆಯ ಹೆಚ್ಚಿನ ಕಡೆ ವರ್ಷದ ಮಳೆ 600 ಮಿಲಿಮೀಟರ್ ದಾಟುವುದಿಲ್ಲ. ನಾಲೆ ನೀರು ಕಾಣದ ಹೊಲಗಳೇ ಹೆಚ್ಚು. ಇಂಥ ನೆಲದಲ್ಲಿ ಹಸಿರು ಕಾಣುವುದು ಜೂನ್ ಕೊನೆಯ ಆರಿದ್ರ ಮಳೆಯಿಂದ ಸಂಕ್ರಾಂತಿವರೆಗೆ, ಹೆಚ್ಚೆಂದರೆ ಏಳು ತಿಂಗಳು. ಉಳಿದ ಐದು ತಿಂಗಳು ನಮ್ಮ ಹಿರಿಯರು ಏನು ತಿಂದರು? ಕೂಡಿಟ್ಟದ್ದನ್ನು ತಿಂದರು. ಹಗೇವಿನ ರಾಗಿ, ಗುಡಾಣದ ಹುರುಳಿ, ಬಾಳಕದ ಮೆಣಸಿನಕಾಯಿ, ಸಂಡಿಗೆ, ಒಣಗಿಸಿದ ಬದನೆ, ಹುಣಸೆ ತೊಕ್ಕು. ಕೋಟೆಯ ಮೇಲೆ ಹೋದವರು ಕಣಜಗಳನ್ನೂ ಎಣ್ಣೆ ಕೊಳವನ್ನೂ ನೋಡಿಯೇ ಇರುತ್ತಾರೆ. ಮುತ್ತಿಗೆಗೆ ಎದೆಕೊಟ್ಟು ನಿಲ್ಲಲು ಪಾಳೆಯಗಾರರಿಗೆ ಕಲ್ಲಿನ ಗೋಡೆ ಬೇಕಾದಷ್ಟೇ ಕಣಜವೂ ಬೇಕಿತ್ತು.

‘ಋತುಮಾನದ ಊಟ’ ಎಂದರೆ ಬೆಳಿಗ್ಗೆ ಕಿತ್ತು ಮಧ್ಯಾಹ್ನ ಬಡಿಸುವುದು ಎಂಬ ತಿಳಿವಳಿಕೆ ಮಲೆನಾಡಿಗೆ, ನದಿದಂಡೆಗೆ ಹೊಂದಬಹುದು. ನಮ್ಮಲ್ಲಿ ಬೇಸಿಗೆಯ ಋತುಮಾನದ ಊಟವೆಂದರೆ ಹುರುಳಿ ಸಾರು, ಬಾಳಕ, ಉಪ್ಪಿನಕಾಯಿ, ಮಜ್ಜಿಗೆ. ಅದನ್ನು ಬಡಿಸಲು ಅತ್ತಿಗೆಗೆ ನಾಚಿಕೆಯಿತ್ತು. ‘ದುಡ್ಡು ಕೊಟ್ಟು ಬರೋರಿಗೆ ಹುರುಳಿಕಟ್ಟು ಇಟ್ರೆ ಏನಂದಾರು’ ಎನ್ನುತ್ತಿದ್ದರು. ಆ ನಾಚಿಕೆಯಿಂದ ಬಂದದ್ದೇ ಏಪ್ರಿಲ್ಲಿನ ಪಾಲಕ್.

ಮೇ ತಿಂಗಳಲ್ಲಿ ಎರಡು ತೀರ್ಮಾನ ಮಾಡಿದರು. ಅಚ್ಚಾದ ಮೆನು ಬೇಡ, ದಿನಾ ಸೀಮೆಸುಣ್ಣದಲ್ಲಿ ಬರೆಯುವ ಕಪ್ಪು ಹಲಗೆ ಸಾಕು. ಹಲಗೆಯಲ್ಲಿ ಮೂರು ಭಾಗ: ‘ಇವತ್ತಿನ ಹೊಲದ್ದು’, ‘ಕಣಜದ್ದು’, ‘ಹೊರಗಿನದು’. ಬೆಲ್ಲ, ಉಪ್ಪು, ಜೀರಿಗೆ, ಕಾಫಿಪುಡಿ ಹೊರಗಿನವು, ಹಾಗೆಂದು ಬರೆದುಬಿಡುವುದು. ಎರಡನೆಯದು, ಅಡುಗೆಮನೆಯ ಹಿಂದಿನ ಸೌದೆ ಕೋಣೆಯನ್ನು ಖಾಲಿ ಮಾಡಿ, ಗೋಡೆಯ ಇಲಿಬಿಲ ಮುಚ್ಚಿ, ನೆಲಕ್ಕೆ ಹಲಗೆ ಹಾಸಿ, ತಗಡಿನ ಪೀಪಾಯಿಗಳನ್ನಿಟ್ಟು ಕಣಜ ಮಾಡುವುದು. ಇದಕ್ಕೆ 38,000 ರೂಪಾಯಿ ಬಿತ್ತು. ಅಣ್ಣನಿಗೆ ಆ ಖರ್ಚು ಸರಿಬರಲಿಲ್ಲ. ಲೆಕ್ಕದಲ್ಲಿ ನನಗೂ ಅನುಮಾನವಿತ್ತು, ಅದನ್ನು ಹೇಳಿಯೂ ಇದ್ದೆ.

ಅಕ್ಕಡಿ ಕಾಳಿಗೆ ಗಿರಾಕಿ

ಜೂನ್ ಮೊದಲ ವಾರ ಅತ್ತಿಗೆ, ಅಣ್ಣ, ನಾನು ಮೂವರೂ ಹಿರಿಯೂರು ತಾಲ್ಲೂಕಿನ ಆ ಅಜ್ಜನ ಊರಿಗೆ ಹೋದೆವು. ಅವರ ಹೊಲದ ಅಂಚಿನಲ್ಲಿ ನಿಂತಾಗ ಆದ ಮಾತಿನಿಂದ ಈ ಖಾನಾವಳಿಯ ದಾರಿ ಬದಲಾಯಿತು.

ರಾಗಿಯನ್ನೋ ನವಣೆಯನ್ನೋ ಬಿತ್ತುವಾಗ ಆರೆಂಟು ಸಾಲಿಗೊಂದು ಸಾಲು ಬೇರೆ ಬೀಜ ಬಿಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ಅದಕ್ಕೆ ಅಕ್ಕಡಿ ಸಾಲು ಎನ್ನುತ್ತಾರೆ. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿಗೆ ಜೋಳ, ಅಲ್ಲಲ್ಲಿ ಹರಳು. ಇವೆಲ್ಲ ಒಂದೇ ದಿನ ಮಣ್ಣಿಗೆ ಬಿದ್ದರೂ ಒಂದೇ ದಿನ ಕೊಯ್ಲಿಗೆ ಬರುವುದಿಲ್ಲ. ಅಲಸಂದೆ ಎರಡು ತಿಂಗಳಿಗೆ ಕಾಯಿ ಬಿಡುತ್ತದೆ. ನವಣೆ ಮೂರು ತಿಂಗಳೊಳಗೆ ತೆನೆ ಬಲಿಯುತ್ತದೆ. ಅವರೆ ಹಗಲು ಚಿಕ್ಕದಾಗುವವರೆಗೆ ಕಾದು, ಚಳಿ ಹುಟ್ಟಿದ ಮೇಲೆಯೇ ಹೂ ಕಟ್ಟುತ್ತದೆ. ತೊಗರಿ ಎಲ್ಲಕ್ಕಿಂತ ಕೊನೆಗೆ. ಒಂದು ಮಳೆ ಕೈಕೊಟ್ಟರೆ ಒಂದು ಹೋದೀತು, ಇನ್ನೊಂದು ನಿಂತೀತು.

‘ಈಗ ಯಾಕೆ ಅಕ್ಕಡಿ ಬಿಡ್ತಾ ಇಲ್ಲ ಅಜ್ಜಾರೆ?’ ಎಂದು ಅತ್ತಿಗೆ ಕೇಳಿದರು.

‘ಎರಡು ಸೇರು ಹುಚ್ಚೆಳ್ಳು, ನಾಕು ಸೇರು ಅಲಸಂದೆ ಹೊತ್ಕಂಡು ಮಂಡಿಗೆ ಹೋದ್ರೆ ಯಾರು ಕೇಳ್ತಾರವ್ವ? ಬಸ್ ಚಾರ್ಜೂ ಹುಟ್ಟಲ್ಲ. ಮೆಕ್ಕೆಜೋಳ ಆದ್ರೆ ಲೋಡಿಗೆ ಹೋಗ್ತೈತೆ.’

ಮಂಡಿಗೆ ಬೇಕಾದದ್ದು ಒಂದೇ ಮಾಲಿನ ದೊಡ್ಡ ರಾಶಿ. ಎಂಬತ್ತು ಊಟದ ಖಾನಾವಳಿಗೆ ಬೇಕಾದದ್ದು ಹತ್ತಾರು ಬಗೆ, ಒಂದೊಂದೂ ಸ್ವಲ್ಪ ಸ್ವಲ್ಪ. ದಿನಕ್ಕೆ ಎರಡು ಕಿಲೋ ಕಾಳು, ವಾರಕ್ಕೆ ಒಂದು ಕಿಲೋ ಹುಚ್ಚೆಳ್ಳು. ಮಂಡಿಗೆ ಬೇಡವಾದ ಅಳತೆಯೇ ನಮಗೆ ಸರಿಯಾದ ಅಳತೆ. ಹೋಟೆಲಿನವರು ‘ನಮಗೆ ವರ್ಷವಿಡೀ ಒಂದೇ ತರಕಾರಿ, ಒಂದೇ ಗಾತ್ರದಲ್ಲಿ ಕೊಡಿ’ ಎಂದು ರೈತರ ಬೆನ್ನು ಹತ್ತುವುದನ್ನು ನೋಡಿದ್ದೇನೆ. ಅಲ್ಲಿ ಹೋಟೆಲ್ಲು ಮಂಡಿಯ ಕೆಲಸ ಮಾಡಲು ಹೋಗಿ ಸೋಲುತ್ತದೆ. ಊರಿನ ಬೆಳೆಯನ್ನು ನಂಬಿದ ಸಣ್ಣ ಹೋಟೆಲಿನ ಬಲವೆಲ್ಲ ಅಕ್ಕಡಿ ಸಾಲಿನಲ್ಲಿದೆ ಎಂದೇ ಈಗ ನನ್ನ ನಂಬಿಕೆ.

ಅಲ್ಲೇ ಮಾತಾಯಿತು. ಅಕ್ಕಡಿ ಕಾಳು ಎಷ್ಟೇ ಆಗಲಿ, ಒಂದು ಸೇರಿರಲಿ ಹತ್ತು ಸೇರಿರಲಿ, ಖಾನಾವಳಿ ಕೊಳ್ಳುತ್ತದೆ. ಕಣದಲ್ಲೇ ತೂಕ, ಅಂದೇ ನಗದು, ಆ ದಿನದ ಮಂಡಿ ದರದ ಮೇಲೆ ಕ್ವಿಂಟಲ್‌ಗೆ 300 ರೂಪಾಯಿ ಹೆಚ್ಚು. ಮುಂದೆ ಹೊಸದುರ್ಗ ತಾಲ್ಲೂಕಿನ ಎರಡು ಮನೆ, ಚಳ್ಳಕೆರೆಯ ಒಂದು, ಅತ್ತಿಗೆಯ ತವರಿನ ಒಂದು ಸೇರಿ ಐದು ಮನೆಗಳಾದವು. ಎಲ್ಲವೂ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ಹೋಗಿಬರುವಷ್ಟು ದೂರ. ‘ಊರಿನದು’ ಎಂಬುದಕ್ಕೆ ಅತ್ತಿಗೆ ಇಟ್ಟುಕೊಂಡ ಎಲ್ಲೆಯೂ ಅದೇ.

ಸೊಪ್ಪಿನದು ಬೇರೆ ಕಥೆ. ಅಣ್ಣೆ, ಕನ್ನೆ, ಗೋಣಿ, ಕಿರಕಸಾಲೆ ಇವನ್ನು ಯಾರೂ ಬಿತ್ತುವುದಿಲ್ಲ, ಕಳೆ ತೆಗೆಯುವ ಹೆಣ್ಣುಮಕ್ಕಳು ಮಡಿಲಲ್ಲಿ ಕಟ್ಟಿಕೊಂಡು ಬರುತ್ತಾರೆ. ಆದರೆ ಮೆಕ್ಕೆಜೋಳದ ಹೊಲಕ್ಕೆ ಈಗ ಕಳೆನಾಶಕ ಹೊಡೆಯುತ್ತಾರೆ. ಅಲ್ಲಿ ಸಾಯದೆ ಉಳಿದ ಸೊಪ್ಪು ನೋಡಲು ಹಸಿರಾಗಿದ್ದರೂ ತಿನ್ನುವಂತಿಲ್ಲ. ಚರಂಡಿ ಪಕ್ಕದ ಸೊಪ್ಪು ಮೊದಲೇ ಬೇಡ. ಹಾಗಾಗಿ ಅತ್ತಿಗೆ ಸೊಪ್ಪನ್ನು ಆ ಐದು ಮನೆಯ ಹೊಲಗಳಿಂದ ಬಿಟ್ಟು ಬೇರೆಲ್ಲಿಂದಲೂ ತೆಗೆದುಕೊಳ್ಳುವುದಿಲ್ಲ. ಯಾರೋ ಕಷ್ಟಪಟ್ಟು ಹೊತ್ತು ತಂದ ಸೊಪ್ಪನ್ನು ಬೇಡವೆನ್ನುವಾಗ ಅವರ ಮುಖ ಸಣ್ಣದಾಗುತ್ತದೆ. ಬಸ್ಸಿನ ಖರ್ಚು ಕೈಗಿಟ್ಟು ಕಳಿಸುತ್ತಾರೆ, ಸೊಪ್ಪು ಮಾತ್ರ ಒಳಗೆ ಬರುವುದಿಲ್ಲ.

ಹೊಟ್ಟು

ಅದೇ ಜೂನ್‌ನಲ್ಲಿ ಮಾರದೆ ಉಳಿದಿದ್ದ ಹಿಂದಿನ ಸಾಲಿನ ನವಣೆ ಎಂಟು ಕ್ವಿಂಟಲ್, ಒಂದಿಷ್ಟು ಹುರುಳಿ, ಒಣ ಅವರೆ ಕೊಂಡೆವು. ನವಣೆ, ಸಾಮೆ, ಕೊರಲೆಗಳು ಹೊಟ್ಟಿನೊಳಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಹೊಟ್ಟು ಬಿಡಿಸಿದ ಮೇಲೆ ತೌಡಿನ ಎಣ್ಣೆಯಂಶಕ್ಕೆ ಗಾಳಿ ತಾಗಿ ಕೆಲವೇ ವಾರಗಳಲ್ಲಿ ಮುಗ್ಗಲು ವಾಸನೆ ಬರುತ್ತದೆ. ಸಜ್ಜೆ ಹಿಟ್ಟಂತೂ ವಾರ ದಾಟಿದರೆ ಕಹಿ. ಮೊದಲ ಬೇಸಿಗೆಯಲ್ಲಿ ಹತ್ತು ಕಿಲೋ ಸಜ್ಜೆ ಹಿಟ್ಟು ಒಟ್ಟಿಗೆ ಬೀಸಿಸಿ, ಅರ್ಧಕ್ಕಿಂತ ಹೆಚ್ಚು ದನಕ್ಕೆ ಹಾಕಿದ್ದು ನನ್ನ ಪುಸ್ತಕದಲ್ಲಿ ನಷ್ಟವೆಂದೇ ಬರೆದಿದೆ. ಜೋಳದ ಹಿಟ್ಟೂ ಹಳತಾದರೆ ಜಿಗಿ ಹೋಗಿ, ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ. ರೊಟ್ಟಿ ಬಡಿಯುವ ಅಕ್ಕ ಹಿಟ್ಟು ಮುಟ್ಟಿಯೇ ‘ಇದು ಹೋದ ವಾರದ್ದು’ ಎಂದುಬಿಡುತ್ತಾರೆ.

ಆದ್ದರಿಂದ ಕೊಳ್ಳುವುದು ವರ್ಷಕ್ಕೊಮ್ಮೆ, ಬಿಡಿಸುವುದು ಆಗಾಗ. ಹೇಳುವಷ್ಟು ಸುಲಭವಾಗಲಿಲ್ಲ. ಸಿರಿಧಾನ್ಯ ಬೆಳೆಯಲು ಸರ್ಕಾರ ರೈತಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ತಂದಿತು, ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು. ನಮಗೆ ಬೇಕಿದ್ದದ್ದು ಇಪ್ಪತ್ತು ಕಿಲೋ ನವಣೆಯ ಹೊಟ್ಟು ಬಿಡಿಸಿಕೊಡುವ ಗಿರಣಿ. ಸಿಕ್ಕ ಗಿರಣಿಯವರು ಒಂದು ಕ್ವಿಂಟಲ್‌ಗಿಂತ ಕಡಿಮೆ ಹಾಕುವುದಿಲ್ಲ ಎಂದರು. ಯಂತ್ರ ಒಮ್ಮೆ ಶುರು ಮಾಡಿ, ಜರಡಿ ಬದಲಿಸಿ, ಕಲ್ಲು ತೆಗೆದು ಬಿಡಿಸುವ ಶ್ರಮಕ್ಕೆ ಅದು ನ್ಯಾಯವಾದ ಮಾತೇ. ಕ್ವಿಂಟಲ್ ನವಣೆಗೆ ನಮಗೆ ಅರವತ್ತು ಕಿಲೋ ಆಸುಪಾಸು ಅಕ್ಕಿ ಬರುತ್ತಿತ್ತು. ಅದು ಆರು ವಾರಕ್ಕೆ. ಬೇಸಿಗೆಯಲ್ಲಿ ಐದನೇ ವಾರಕ್ಕೇ ವಾಸನೆ ತಿರುಗುತ್ತಿತ್ತು. ಕೊನೆಗೆ ಸಿರಿಧಾನ್ಯ ಹಿಟ್ಟು ಮಾರುವ ಇನ್ನೊಬ್ಬರ ಜೊತೆ ಪಾಲು ಸೇರಿ, ಮೂರು ವಾರಕ್ಕೊಮ್ಮೆ ಅರ್ಧರ್ಧ ಕ್ವಿಂಟಲ್ ಹಾಕುವ ವ್ಯವಸ್ಥೆಯಾಯಿತು. ಈಗಲೂ ಹಾಗೇ ನಡೆಯುತ್ತಿದೆ. ಅವರು ಅಂಗಡಿ ನಿಲ್ಲಿಸಿದರೆ ನಾವು ಮತ್ತೆ ಮೊದಲಿನ ಜಾಗಕ್ಕೇ.

ಕಾಳಿಗೆ ಹುಳದ ಕಾಟ. ಅತ್ತಿಗೆಯ ಅತ್ತೆ, ಅಂದರೆ ನನ್ನ ಅಮ್ಮ, ಪೀಪಾಯಿಯಲ್ಲಿ ಅವರೆ ತುಂಬಿಸಿ ಅದರ ಮೇಲೆ ರಾಗಿ ಸುರಿದು ಅಲ್ಲಾಡಿಸಿದರು. ಕಾಳಿನ ಸಂದಿಗಳಲ್ಲೆಲ್ಲ ರಾಗಿ ಇಳಿದು ಕೂತರೆ ಹುಳಕ್ಕೆ ಓಡಾಡಲು ಜಾಗವಿರುವುದಿಲ್ಲ. ಬೇಕಾದಾಗ ಒಂದರಿ ಹಿಡಿದರೆ ರಾಗಿ ಕೆಳಗೆ, ಕಾಳು ಮೇಲೆ. ಅಮ್ಮನಿಗೆ ಎಪ್ಪತ್ತೊಂದು ವರ್ಷ. ಖಾನಾವಳಿಗೆ ತಾನು ಬೇಕಾದವಳು ಎಂದು ಅವತ್ತು ಅವಳಿಗೆ ಅನ್ನಿಸಿದ್ದು ಮುಖದಲ್ಲೇ ಕಂಡಿತು.

ಬರದ ವರ್ಷ

2023ರ ಆಗಸ್ಟ್‌ನಲ್ಲಿ ದೇಶದಲ್ಲೇ 1901ರಿಂದೀಚೆಗೆ ಯಾವ ಆಗಸ್ಟ್‌ನಲ್ಲೂ ಆಗದಷ್ಟು ಕಡಿಮೆ ಮಳೆಯಾಯಿತು. ಆಶ್ಲೇಷ ಹೋಯಿತು, ಮಘೆ ಹೋಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ನಮ್ಮ ಚಳ್ಳಕೆರೆಯ ಮನೆಯವರ ಶೇಂಗಾ ಗಿಡ ಹೂವಿನಲ್ಲೇ ಬಾಡಿತು, ಬಳ್ಳಿ ಕಿತ್ತು ಕುರಿಗೆ ಹಾಕಿದರು. ಹೊಸದುರ್ಗದ ಒಂದು ಮನೆಯಲ್ಲಿ ನವಣೆ ಅರ್ಧ ಬಂತು. ಹಿರಿಯೂರಿನ ಅಜ್ಜನ ಹೊಲದಲ್ಲಿ ಕೊರಲೆ ನಿಂತಿತು. ಅದು ಇದ್ದಬದ್ದ ಹಸಿಯಲ್ಲೇ ತೆನೆ ಮಾಡುವ ಧಾನ್ಯ. ಹಸ್ತ ಮಳೆ ನಾಲ್ಕು ಹನಿ ಬಿದ್ದಾಗ ಖಾಲಿ ಹೊಲಕ್ಕೆ ಎಲ್ಲರೂ ಹುರುಳಿ ಎರಚಿದರು.

ಹಲಗೆಯ ‘ಇವತ್ತಿನ ಹೊಲದ್ದು’ ಭಾಗ ನವೆಂಬರ್‌ನಿಂದಲೇ ಬಹುತೇಕ ಖಾಲಿ. ಅತ್ತಿಗೆ ಅದನ್ನು ಅಳಿಸಲಿಲ್ಲ. ‘ಈ ವರ್ಷ ಶೇಂಗಾ ಇಲ್ಲ’ ಎಂದು ಬರೆದರು. ಹುಣಸೆ ಚಿಗುರು ಬಂದಾಗ ಚಿಗುರಿನ ಸಾರು, ನುಗ್ಗೆಸೊಪ್ಪು ಸಿಕ್ಕ ದಿನ ನುಗ್ಗೆಪಲ್ಯ, ಉಳಿದ ದಿನಗಳೆಲ್ಲ ಕಣಜದ್ದು: ಮುದ್ದೆ, ಹುರುಳಿಕಟ್ಟು, ಒಣ ಅವರೆಕಾಳಿನ ಸಾರು, ನವಣೆ ಅನ್ನ, ಕೊರಲೆ ಉಪ್ಪಿಟ್ಟು, ಹುಚ್ಚೆಳ್ಳು ಚಟ್ನಿ, ಬಾಳಕ. ಈರುಳ್ಳಿಯನ್ನು ಮಾತ್ರ ಕೂಡಿಡಲು ನಮ್ಮಿಂದಾಗಲಿಲ್ಲ. ಮೂರು ಮೂಟೆಯಲ್ಲಿ ಒಂದು ಕೊಳೆಯಿತು. ಈರುಳ್ಳಿಗೆ ಹೆಸರಾದ ಜಿಲ್ಲೆಯಲ್ಲಿ ಕೂತು ಬೇಸಿಗೆಗೆ ಹೊರಗಿನ ಈರುಳ್ಳಿ ಕೊಂಡೆವು. ಹಲಗೆಯಲ್ಲಿ ಅದನ್ನೂ ಬರೆದೆವು.

ಜನವರಿಯಿಂದ ಮಾರ್ಚ್‌ವರೆಗೆ ಊಟದ ಸಂಖ್ಯೆ ದಿನಕ್ಕೆ ಐವತ್ತೈದಕ್ಕೆ ಇಳಿಯಿತು. ಕೋಟೆ ನೋಡಲು ಬಂದವರು ಹಲಗೆ ಓದಿ, ಪನೀರ್ ಇದೆಯಾ ಎಂದು ಕೇಳಿ, ಇಲ್ಲವೆಂದರೆ ಮುಂದೆ ಹೋಗುತ್ತಿದ್ದರು. ಹಳ್ಳಿಯಿಂದ ಕೋರ್ಟಿಗೆ ಬರುವವರು ಬಿಡಲಿಲ್ಲ. ಮನೆಯಲ್ಲಿ ತಿನ್ನುವುದೇ ಇಲ್ಲೂ ಸಿಗುತ್ತದೆ, ಹೊಟ್ಟೆ ಕೆಡುವುದಿಲ್ಲ ಎನ್ನುತ್ತಿದ್ದರು. ಏಪ್ರಿಲ್‌ನಲ್ಲಿ ತರಕಾರಿ ದರ ಏರಿ ಸುತ್ತಲಿನ ಹೋಟೆಲುಗಳು ಊಟಕ್ಕೆ ಹತ್ತು, ಹದಿನೈದು ರೂಪಾಯಿ ಏರಿಸಿದಾಗ ನಮ್ಮ ಊಟ 80 ರೂಪಾಯಲ್ಲೇ ನಿಂತಿತ್ತು. ನಮ್ಮ ಸಾಮಾನು ಹಿಂದಿನ ಜೂನ್‌ನ ದರದಲ್ಲಿ ಪೀಪಾಯಿಯೊಳಗೆ ಕೂತಿತ್ತಲ್ಲ. ಆ ತಿಂಗಳು ಊಟ ಮತ್ತೆ ಎಪ್ಪತ್ತು ದಾಟಿತು. ಕಣಜಕ್ಕೆ ಹಾಕಿದ 38,000 ರೂಪಾಯಿ ಬಂದ ದಾರಿ ಇದೇ: ಬರದ ವರ್ಷದ ಏಪ್ರಿಲ್, ಮೇ ತಿಂಗಳ ತರಕಾರಿ ಬಿಲ್ ಹಿಂದಿನ ವರ್ಷಕ್ಕಿಂತ ಅರ್ಧಕ್ಕೂ ಕಡಿಮೆ. ನನ್ನ ಅನುಮಾನ ತಪ್ಪಾಗಿತ್ತು.

ಕೂಲಿ ಖರ್ಚು ಮಾತ್ರ ಹೆಚ್ಚಿತು. ಕೇರುವುದು, ಒಂದರಿಯಾಡುವುದು, ಕಲ್ಲು ಆರಿಸುವುದು, ಬಿಸಿಲಿಗೆ ಹಾಕಿ ತೆಗೆಯುವುದು, ಇದಕ್ಕೇ ಒಬ್ಬರು ದಿನವಿಡೀ ಬೇಕು. ಕಣಜ ನಡೆಸುವವರು ಈ ಒಂದು ಸಂಬಳವನ್ನು ಮೊದಲ ದಿನದಿಂದಲೇ ಲೆಕ್ಕಕ್ಕೆ ಹಿಡಿಯಬೇಕು. ನಾವು ಆರು ತಿಂಗಳು ಅಮ್ಮನ ಮತ್ತು ಅತ್ತಿಗೆಯ ಮೈಮುರಿತದಲ್ಲಿ ಅದನ್ನು ಬಚ್ಚಿಟ್ಟಿದ್ದೆವು, ಅದು ಸರಿಯಾದ ಲೆಕ್ಕವಾಗಿರಲಿಲ್ಲ.

2024ರ ಆರಿದ್ರ

ಜೂನ್‌ನಲ್ಲಿ ಮಳೆ ಹದವಾಗಿ ಬಿತ್ತು. ಒಂದು ಬೆಳಿಗ್ಗೆ ಹಿರಿಯೂರಿನ ಅಜ್ಜ ಖಾಲಿ ಚೀಲ ಹಿಡಿದು ಬಂದರು. ಊಟಕ್ಕೆ ಕೂರದೆ ಬಾಗಿಲಲ್ಲೇ ನಿಂತರು.

‘ತಾಯಿ, ಹೋದ ವರ್ಷದ್ದು ಬೀಜಕ್ಕೂ ಉಳೀಲಿಲ್ಲ. ಅಕ್ಕಡಿಗೆ ಅವರೆ ಇಲ್ಲ. ನೀನು ಕೊಂಡಿದ್ದು ಹಳೇದು ಏನಾದ್ರೂ ಐತಾ?’

ಕಣಜದಲ್ಲಿ ಅವರ ಹೊಲದ್ದೇ ಅವರೆ ಹನ್ನೆರಡು ಸೇರು, ನವಣೆ ಒಂದು ಕ್ವಿಂಟಲ್ ಚಿಲ್ಲರೆ ಇತ್ತು. ಅಂಗಡಿಯಿಂದ ಬೇಳೆಯನ್ನೋ ಅಕ್ಕಿಯನ್ನೋ ಕೊಂಡಿಟ್ಟಿದ್ದರೆ ಅದು ಮೊಳೆಯುವುದಿಲ್ಲ. ಇಡಿಯಾಗಿ, ಹೊಟ್ಟಿನೊಳಗೆ ಇಟ್ಟಿದ್ದರಿಂದ ಬೀಜವಾಗಿಯೇ ಉಳಿದಿತ್ತು. ಆದರೂ ಒಂದೂವರೆ ವರ್ಷದ ಅವರೆ. ಅಮ್ಮ ನೂರು ಕಾಳು ಎಣಿಸಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟಳು. ಐದನೇ ದಿನ ಬಿಚ್ಚಿದಾಗ ಎಪ್ಪತ್ತನಾಲ್ಕು ಮೊಳೆತಿದ್ದವು. ‘ಸ್ವಲ್ಪ ಒತ್ತಾಗಿ ಬಿಡಿ, ಬರ್ತೈತೆ’ ಎಂದಳು.

ಐದು ಮನೆಗಳಿಗೂ ಅವರೆ, ನವಣೆ, ಹುಚ್ಚೆಳ್ಳು ಹೋಯಿತು. ಅತ್ತಿಗೆ ದುಡ್ಡು ತೆಗೆದುಕೊಳ್ಳಲಿಲ್ಲ, ಸುಗ್ಗಿಯಲ್ಲಿ ಸೇರಿಗೆ ಒಂದೂವರೆ ಸೇರು ವಾಪಸ್ ಎಂದು ಮಾತಾಯಿತು. ನನ್ನ ಪುಸ್ತಕದಲ್ಲಿ ಕೊಳ್ಳುವುದಕ್ಕೆ, ಮಾರುವುದಕ್ಕೆ, ನಷ್ಟಕ್ಕೆ ಕಾಲಂ ಇತ್ತು, ಇದಕ್ಕೆ ಇರಲಿಲ್ಲ. ಹೊಸದಾಗಿ ಗೆರೆ ಎಳೆದು ‘ಬೀಜ’ ಎಂದು ಬರೆದೆ. ಸಂಕ್ರಾಂತಿಯ ಹಿಂದಿನ ವಾರ ಆ ಕಾಲಮಿನಲ್ಲಿ ನಾಲ್ಕು ಮನೆಯದು ಜಮೆಯಾಯಿತು, ಚಳ್ಳಕೆರೆಯವರದು ಮುಂದಿನ ವರ್ಷಕ್ಕೆ. ಆ ದಿನ ಹಲಗೆಯ ಮೊದಲ ಭಾಗದಲ್ಲಿ ‘ಹಿತಕಿದ ಅವರೆ ಸಾರು, ಮುದ್ದೆ’ ಎಂದಿತ್ತು.